ಕೆಳಗೆ ನಿಂತವಳು

ನನ್ನ ಮೇಲೆ ಒಂದು ಕಪ್ಪು ಬಟ್ಟೆ ಹೊದಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಆ ಅಧಿಕಾರಿ ಹೇಳುವಾಗ ನಾನು ಅವನ ಎದುರಿಗೇ ನಿಂತಿದ್ದೆ. ಅವನು ಹೇಳಿದ್ದು ಮಾತ್ರ ನನ್ನ ತಂಗಿಗೆ.

"ನೋಡಮ್ಮ, ಈ ಅನುದಾನ ಇರೋದೇ ಒಬ್ಬ ಕಲಾವಿದರಿಗೆ. ಇಬ್ಬರು ಕಂಡ್ರೆ ಸಮಿತಿಯವರು ತಲೆ ಕೆಡಿಸ್ಕೋತಾರೆ. ಹಿಂದೆ ಒಂದು ಕಪ್ಪು ಪರದೆ ಕಟ್ಟೋಣ, ಇವರ ಮೇಲೂ ಕಪ್ಪು ಬಟ್ಟೆ ಹಾಕ್ಬಿಡಿ. ನೀನೊಬ್ಬಳೇ ಗಾಳಿಯಲ್ಲಿ ನಿಂತ ಹಾಗೆ ಕಾಣ್ತೀಯ. ನೋಡೋಕೂ ಚೆನ್ನಾಗಿರುತ್ತೆ!"

ಆ ಉಪಾಯ ಹೊಳೆದದ್ದಕ್ಕೆ ಅವನಿಗೇ ಎಷ್ಟು ಖುಷಿಯಾಯಿತೆಂದರೆ ನಮಗೂ ಚಹಾ ತರಿಸಿದ. ಕೆಟ್ಟ ಮನುಷ್ಯನೇನಲ್ಲ. ಕೆಟ್ಟವನಾಗಿದ್ದರೆ ನಾಲ್ಕು ಮಾತು ಅಂದು ಎದ್ದು ಬರಬಹುದಿತ್ತು. ಒಳ್ಳೆಯವರ ಜೊತೆ ಜಗಳವಾಡುವುದೇ ಮಹಾ ಕಷ್ಟ. ನಾನು ಚಹಾ ಕುಡಿದೆ, ತಲೆಯಾಡಿಸಿದೆ.

ನಾವು ಅಕ್ಕತಂಗಿ ಜೋಡಿ ಕಸರತ್ತು ಮಾಡುವವರು. ನಾನು ಕೆಳಗೆ, ಅವಳು ಮೇಲೆ. ನನ್ನ ಹೆಗಲ ಮೇಲೆ, ತಲೆಯ ಮೇಲೆ, ಎತ್ತಿದ ಅಂಗೈಗಳ ಮೇಲೆ ಅವಳು ನಿಲ್ಲುತ್ತಾಳೆ, ತಲೆಕೆಳಗಾಗುತ್ತಾಳೆ, ಎತ್ತರದಿಂದ ಹಾರಿ ನನ್ನ ಕೈಗೆ ಬೀಳುತ್ತಾಳೆ. ಬೀದಿಯವರು ನನಗೆ ಕಂಬ ಎಂದೂ ಅವಳಿಗೆ ಕಡ್ಡಿ ಎಂದೂ ಹೆಸರಿಟ್ಟಿದ್ದಾರೆ. ಕಡ್ಡಿ ಎನ್ನಿಸಿಕೊಂಡವಳಿಗೆ ಅದು ಮುದ್ದು. ಕಂಬ ಎನ್ನಿಸಿಕೊಂಡವಳು ನಕ್ಕು ಸುಮ್ಮನಾಗಬೇಕು.

ಕಲಿಸಿದವನು ನಮ್ಮ ಸೋದರಮಾವ. ಸರ್ಕಸ್ಸಿನಲ್ಲಿದ್ದವನು. ಸರ್ಕಸ್ ಮುಚ್ಚಿದ ಮೇಲೆ ಅಕ್ಕನ ಮಕ್ಕಳನ್ನು ಹಿಡಿದು ತನ್ನ ವಿದ್ಯೆಯನ್ನೆಲ್ಲ ತುಂಬಿ ತೀರಿಕೊಂಡ. ಅವನು ಹಾಕಿಕೊಟ್ಟ ಕಟ್ಟಳೆಗಳು ಬಹಳ ಇಲ್ಲ. ಮೇಲಿನವಳು ಅಲ್ಲಾಡಬಾರದು. ವಾಲಿದರೆ ಸರಿಮಾಡಿಕೊಳ್ಳಲೂ ಬಾರದು, ಅದು ಕೆಳಗಿನವಳ ಕೆಲಸ. ಇಬ್ಬರೂ ಸರಿಮಾಡಲು ಹೋದರೆ ಇಬ್ಬರೂ ಬೀಳುತ್ತಾರೆ. ಹಾರುವ ಮೊದಲು ಮೇಲಿನವಳು ಹಿಮ್ಮಡಿಯಿಂದ ಎರಡು ಸಲ ತಟ್ಟಬೇಕು. ಕೆಳಗಿನವಳು "ಬಾ" ಎನ್ನಬೇಕು. ಬಾ ಎಂದು ಕೇಳಿದ ಮೇಲೆ ಮೇಲಿನವಳು ಕೈ ಇದೆಯೋ ಇಲ್ಲವೋ ಎಂದು ನೋಡುವ ಹಾಗಿಲ್ಲ. ಬಾ ಎಂದವಳು ಕೈ ಕೊಡದೇ ಇರುವ ಹಾಗಿಲ್ಲ.

ಈ ಬಾ ನನ್ನ ಮೈಗೆ ಎಷ್ಟು ಹತ್ತಿಬಿಟ್ಟಿದೆಯೆಂದರೆ ಪಕ್ಕದ ಮನೆಯಲ್ಲಿ ಯಾರೋ ಮೊಳೆ ಹೊಡೆದರೂ ಇಲ್ಲಿಂದ ಬಾ ಎನ್ನುತ್ತೇನೆ. ಒಮ್ಮೆ ಬಸ್ಸಿನಲ್ಲಿ ಕಂಡಕ್ಟರ್ ಸೀಟಿನ ಕಂಬಿಗೆ ಟಕಟಕ ಎಂದು ಎರಡು ಸಲ ತಟ್ಟಿದ. ನಾನು ಗಟ್ಟಿಯಾಗಿ ಬಾ ಎಂದೆ. ಪಾಪ, ಅವನು ಹತ್ತಿರ ಬಂದು ನಿಂತು ಏನು ಎಂದು ಕೇಳಿದ. ಕಡ್ಡಿ ಇಳಿಯುವವರೆಗೂ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಇನ್ನು ಅನುದಾನದ ಮಾತು. ಸರ್ಕಾರ ಪ್ರತಿವರ್ಷ ಕೆಲವು ಉದಯೋನ್ಮುಖ ಕಲಾವಿದರನ್ನು ಆರಿಸಿ ಒಂದು ವರ್ಷ ಸಾಕುತ್ತದೆ. ತಿಂಗಳ ವೇತನ, ಅಭ್ಯಾಸಕ್ಕೆ ಸರಿಯಾದ ಸಭಾಂಗಣ, ವರ್ಷದ ಕೊನೆಗೆ ದೊಡ್ಡ ರಂಗಮಂದಿರದಲ್ಲಿ ಒಂದು ಪ್ರದರ್ಶನ. ಉದಯೋನ್ಮುಖ ಎಂದರೆ ಮೂವತ್ತು ತುಂಬಿರಬಾರದು. ಮೂವತ್ತಾದ ಮೇಲೆ ಸೂರ್ಯನಿಗೂ ಹುಟ್ಟುವ ಅನುಮತಿ ಇಲ್ಲ ಎಂದು ಕಾಣುತ್ತದೆ. ನನಗೆ ಇದೇ ಕೊನೆಯ ವರ್ಷ. ಕಡ್ಡಿಗೆ ಇನ್ನೂ ಬೇಕಾದಷ್ಟು ಸಮಯವಿದೆ, ಅವಳು ನಿಧಾನವಾಗಿ ಉದಯಿಸಬಹುದು.

ನಾನು ಕೆಲಸ ಮಾಡುವುದು ಲಾಂಡ್ರಿಯಲ್ಲಿ. ಆಸ್ಪತ್ರೆ, ಹೋಟೆಲುಗಳ ಬೆಡ್‌ಶೀಟುಗಳನ್ನು ಒಗೆಯುವ ಯಂತ್ರದಿಂದ ಎತ್ತಿ ಒಣಗಿಸುವ ಯಂತ್ರಕ್ಕೆ ತುಂಬುವುದು. ಒದ್ದೆ ಶೀಟುಗಳ ಗಂಟು ಒಂದು ದೊಡ್ಡ ಮಗುವಿನಷ್ಟು ಭಾರ, ಮಗುವಿನ ಹಾಗೆಯೇ ಕೈಯಿಂದ ಜಾರುತ್ತದೆ. ಅಲ್ಲಿನ ಬಿಸಿಗೆ ಚಳಿಗಾಲದಲ್ಲೂ ಬೆನ್ನು ಒದ್ದೆ. ಸಂಜೆ ಅದೇ ಕೈಗಳಲ್ಲಿ ತಂಗಿಯನ್ನು ಎತ್ತಬೇಕು. ಅಭ್ಯಾಸ ಮಾಡುವುದು ಒಂದು ಟೈರ್ ಗೋಡೌನಿನ ಹಿಂಭಾಗದಲ್ಲಿ, ಹಳೆಯ ಹಾಸಿಗೆಗಳ ಮೇಲೆ. ಹೊಸ ಟೈರುಗಳ ಲಾರಿ ಬಂದರೆ ಅವತ್ತು ಅಭ್ಯಾಸ ಇಲ್ಲ, ನಾವೂ ಟೈರ್ ಇಳಿಸಿಕೊಡಬೇಕು. ಒಂದೇ ಒಂದು ವರ್ಷ ಶೀಟು, ಟೈರು ಏನೂ ಮುಟ್ಟದೆ ಬರೀ ಅವಳನ್ನೇ ಎತ್ತಿಕೊಂಡಿದ್ದರೆ ನಾವು ಏನೆಲ್ಲ ಮಾಡಬಹುದು ಎಂದು ನನಗೆ ಗೊತ್ತಿತ್ತು. ಆ ವರ್ಷ ಬೇಕು ಎಂದು ಹಗಲೂ ರಾತ್ರಿ ಹಂಬಲಿಸಿದ್ದೆ.

ಮೊದಲ ಸುತ್ತಿನಲ್ಲಿ ನಾವು ಸಮಿತಿಯ ಮುಂದೆ ನಮ್ಮ ಆಟವನ್ನು ಇದ್ದ ಹಾಗೇ ಮಾಡಿ ತೋರಿಸಿದ್ದೆವು. ಸಮಿತಿಯಲ್ಲಿ ಮೂವರು. ಅಧ್ಯಕ್ಷರು ನಾಟಕದ ಹಿರಿಯರು, ಗಡ್ಡದಲ್ಲೇ ಅರ್ಧ ಅಭಿನಯ ಮುಗಿಸುವವರು. ಇನ್ನೊಬ್ಬರು ಗಾಯಕಿ. ಮೂರನೆಯವರು ಲೆಕ್ಕಪತ್ರ ವಿಭಾಗದವರು, ಕಲೆಯ ಮೇಲೆ ಒಂದು ಕಣ್ಣಿಡಲು ಬಂದವರು. ಆಟ ಮುಗಿದಾಗ ಅಧ್ಯಕ್ಷರು ಎದ್ದು ನಿಂತೇ ಚಪ್ಪಾಳೆ ತಟ್ಟಿದರು.

"ಏನು ಹಗುರ! ಏನು ನಿಶ್ಚಲತೆ! ಗಾಳಿ ಹಾಗಿದೀಯಮ್ಮ ನೀನು!" ಎಂದರು ಕಡ್ಡಿಗೆ. ಆಮೇಲೆ ನನ್ನ ಕಡೆ ತಿರುಗಿ, "ನೀವು ಸ್ವಲ್ಪ ಪಕ್ಕಕ್ಕೆ ಸರೀರಿ, ಇವಳದೊಂದು ಫೋಟೊ ತೆಗೀಲಿ," ಎಂದರು.

ಸರಿದೆ. ನನ್ನ ಎರಡು ಹೆಗಲ ಮೇಲೂ ಅವಳ ಪಾದದ ಕೆಂಪು ಗುರುತು ಇನ್ನೂ ಹಾಗೇ ಇತ್ತು. ತಂಗಿಯ ಮೇಲೆ ಹೊಟ್ಟೆಕಿಚ್ಚು ಪಡುವವಳಲ್ಲ ಎಂದುಕೊಂಡಿದ್ದೆ, ಅವತ್ತು ಪಟ್ಟೆ. ಕೊನೆಯ ಸುತ್ತಿಗೆ ಆಯ್ಕೆಯಾದವರ ಪಟ್ಟಿ ಗೋಡೆಗೆ ಅಂಟಿಸಿದಾಗ ಅವಳ ಹೆಸರಿನ ಕೆಳಗೆ, ಆವರಣದೊಳಗೆ, "ಸಹಾಯಕಿ ಒಬ್ಬರು" ಎಂದಿತ್ತು. ಅದನ್ನು ಕೇಳಲು ಹೋದಾಗಲೇ ಅಧಿಕಾರಿ ಕಪ್ಪು ಬಟ್ಟೆಯ ಉಪಾಯ ಹೇಳಿದ್ದು.

ಮನೆಗೆ ಬಂದ ಕಡ್ಡಿ ಚಪ್ಪಲಿ ಬಿಟ್ಟ ರಭಸಕ್ಕೇ ಅಮ್ಮನಿಗೆ ಏನೋ ಆಗಿದೆ ಎಂದು ಗೊತ್ತಾಯಿತು. ಅಮ್ಮ ಕಿಟಕಿಪರದೆ ಹೊಲಿಯುವವಳು. ಹೊಲಿಗೆ ಯಂತ್ರ ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದಳು.

"ನಾನು ಹೋಗಲ್ಲಮ್ಮ," ಎಂದಳು ಕಡ್ಡಿ. "ಅಕ್ಕನ್ನ ಹೆಣ ಮುಚ್ಚಿದ ಹಾಗೆ ಮುಚ್ಚಿ, ನಾನು ಮೇಲೆ ನಿಂತು ಹಲ್ಲು ಕಿರೀಬೇಕಂತೆ."

ನಾನು ವಿಷಯ ಹೇಳಿದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು, "ಎಂಥ ಬಟ್ಟೆ ಅಂದ್ರು? ದಪ್ಪದ್ದಾ, ತೆಳುದಾ?" ಎಂದಳು.

"ಅಮ್ಮಾ!"

"ಕೇಳ್ದೆ ಅಷ್ಟೇ ಕಣೇ. ತೆಳುದಾದ್ರೆ ಉಸಿರಾದ್ರೂ ಆಡ್ಬಹುದು."

"ನಾನು ಒಪ್ಕೊಂಡಾಯ್ತು," ಎಂದೆ.

"ಯಾರನ್ನ ಕೇಳಿ ಒಪ್ಕೊಂಡೆ?"

"ಬಟ್ಟೆ ಬೀಳೋದು ನನ್ನ ಮೇಲೆ ತಾನೆ? ನಿನ್ನನ್ಯಾಕೆ ಕೇಳ್ಬೇಕು? ನೋಡೇ, ಸಭಾಂಗಣ ಸಿಗುತ್ತೆ, ಸಂಬಳ ಸಿಗುತ್ತೆ. ಹೆಸರು ನಿಂದೋ ನಂದೋ, ಏನೀಗ? ಬಟ್ಟೆ ಒಳಗಿದ್ರೂ ಕೈ ನಂದೇ ಅಲ್ವಾ? ಒಂದ್ಸಲ ಒಳಗೆ ಕಾಲಿಡೋಣ. ಆಮೇಲೆ ಬೇಕಾದ್ರೆ ಜಗಳ ಆಡೋಣ."

"ಒಳಗೆ ಹೋಗೋದು ನನ್ನ ಕಾಲು ಮಾತ್ರ ಅಕ್ಕ. ಮುಂದಿನ ವರ್ಷ ನೀನು ಕೇಳೋಕೂ ಆಗಲ್ಲ. ನೀನು ಕಲಾವಿದೆ ಅಂತ ಯಾವ ಕಾಗದದಲ್ಲೂ ಇರಲ್ಲ."

"ಬೇಡ ಬಿಡು. ಕಾಗದ ಹಾಸ್ಕೊಂಡು ಮಲಗ್ತೀನಾ?"

ಬಾಯಲ್ಲಿ ಹಾಗೆಂದೆ. ಒಳಗೊಳಗೇ ಆ ಕಾಗದ ನನಗೆ ಬೇಕೇ ಬೇಕಾಗಿತ್ತು. ಬೇಕು ಎಂದು ಹೇಳಿಕೊಂಡರೆ ಇದ್ದದ್ದೂ ಕೈ ತಪ್ಪುತ್ತದೆ ಎಂಬ ಭಯಕ್ಕೆ ನನ್ನ ಬಾಯಿಗೆ ನಾನೇ ಬೀಗ ಹಾಕಿಕೊಂಡಿದ್ದೆ. ಕಡ್ಡಿ ಮುಖ ಊದಿಸಿಕೊಂಡು ಮಲಗಿದಳು. ಬೆಳಿಗ್ಗೆ ಎದ್ದವಳೇ, "ಸರಿ ಬಿಡು ಅಕ್ಕ, ಅವರು ಕೇಳಿದ ಹಾಗೇ ಒಬ್ಬಳದೇ ಪ್ರದರ್ಶನ ಮಾಡೋಣ," ಎಂದಳು. ಇಷ್ಟು ಬೇಗ ಸೋಲುವವಳಲ್ಲ ಅವಳು. ನಾನು ಅನುಮಾನ ಪಡಬೇಕಾಗಿತ್ತು. ನನ್ನ ಮಾತು ನಡೆಯಿತು ಎಂದು ಬೀಗಿದೆ.

ಅಮ್ಮ ಪರದೆಗೆ ತಂದಿದ್ದ ಬಟ್ಟೆಯಲ್ಲೇ ಉಳಿದದ್ದನ್ನು ಸೇರಿಸಿ ನನಗೊಂದು ಕಪ್ಪು ಚೀಲ ಹೊಲಿದುಕೊಟ್ಟಳು. ಕಣ್ಣಿಗೆ ಎರಡು ಸೀಳು, ಕೈ ಹೊರಗೆ ಬರಲು ಎರಡು ತೂತು. ಹಾಕಿಕೊಂಡು ಗೋಡೌನಿನಲ್ಲಿ ನಿಂತರೆ ಟೈರುಗಳ ನಡುವೆ ನಾನೂ ಒಂದು ಟೈರ್. ಅವಳು ಹೆಗಲಿಗೆ ಹತ್ತಿದ ಕೂಡಲೇ ಕಣ್ಣಿನ ಸೀಳು ಕೆನ್ನೆಗೆ ಜಾರುತ್ತಿತ್ತು. ಕೆಳಗಿನವಳು ಮೇಲಿನವಳ ಮಂಡಿಯನ್ನು ನೋಡುತ್ತಿರಬೇಕು. ನನಗೆ ಕಾಣುತ್ತಿದ್ದದ್ದು ಕತ್ತಲೆ, ಮೂಗಿಗೆ ಬರುತ್ತಿದ್ದದ್ದು ಹೊಸ ಬಟ್ಟೆಯ ಗಂಜಿ ವಾಸನೆ. ಸೀನಿದೆ. ಅವಳು ಧೊಪ್ಪನೆ ಹಾಸಿಗೆಯ ಮೇಲೆ ಬಿದ್ದಳು. ಮತ್ತೆ ಹತ್ತಿಸಿದೆ, ಮತ್ತೆ ಬಿದ್ದಳು, ಮೊಣಕೈ ತರಚಿತು. ಬಟ್ಟೆಯೊಳಗೆ ಅಳುವುದರಲ್ಲಿ ಒಂದು ಅನುಕೂಲವಿದೆ, ಯಾರಿಗೂ ಕಾಣುವುದಿಲ್ಲ. ಒಂದು ಸಂಜೆ ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ. ಅವರ ಮೇಲಲ್ಲ, ಚಹಾ ಕುಡಿದು ತಲೆಯಾಡಿಸಿದ ನನ್ನ ಮೇಲೆ.

ಕೊನೆಗೆ ಹೇಗೋ ಬೀಳದೆ ಮಾಡುವಷ್ಟು ಕಲಿತೆವು. ಆ ದಿನ ಬಂತು. ಕೊನೆಯ ಸುತ್ತು ಇದ್ದದ್ದು ಅದೇ ಕಚೇರಿಯ ಸಭಾಕೊಠಡಿಯಲ್ಲಿ. ಹಳೆಯ ಕಟ್ಟಡ, ಎತ್ತರದ ಚಾವಣಿ. ಯಾವ ಕೋಣೆಗೆ ಹೋದರೂ ನಾನು ಮೊದಲು ನೋಡುವುದು ಚಾವಣಿಯನ್ನೇ. ಫ್ಯಾನುಗಳು ಗೋಡೆಯ ಮೇಲಿದ್ದವು, ಮೇಲೆ ಏನೂ ಇರಲಿಲ್ಲ. ಮಧ್ಯದಲ್ಲಿ ಬಾಗಿಲಿನ ಕಡೆಗೆ ಉದ್ದಕ್ಕೆ ಹಾಕಿದ ಗಟ್ಟಿ ಮರದ ಮೇಜು. ಅದರ ಒಂದು ಬದಿಗೆ ಮೂವರು ಸಮಿತಿಯವರು, ಅವರ ಮುಂದೆ ಚಹಾ ಕಪ್ಪು, ಬಿಸ್ಕತ್ತು, ನೀರಿನ ಲೋಟ. ಇನ್ನೊಂದು ಬದಿಗೆ ಖಾಲಿ ಜಾಗ, ಬೀರುಗಳಿಗೆ ಕಟ್ಟಿದ ಕಪ್ಪು ಪರದೆ. ಪರದೆ ಕಟ್ಟಿದ ಅಧಿಕಾರಿ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನನ್ನ ಪಕ್ಕ ಬಂದು ನಿಂತ.

"ನಾನು ಮೊದಲು ಹೋಗಿ ನಮಸ್ಕಾರ ಹೇಳಿ ಬರ್ತೀನಿ," ಎಂದು ಕಡ್ಡಿ ನನ್ನ ಕೈಯಿಂದ ಕಪ್ಪು ಚೀಲ ಕಿತ್ತುಕೊಂಡಳು. "ಇದು ನನ್ನ ಹತ್ರ ಇರ್ಲಿ. ನೀನು ಇಲ್ಲೇ ಇರು."

"ಹಾಕ್ಕೊಳ್ಳೋಕೆ ಹೊತ್ತು ಬೇಕು ಕಣೇ..."

ಅವಳಾಗಲೇ ಒಳಗೆ ಹೋಗಿದ್ದಳು. ಬರಿಗಾಲಿನಲ್ಲಿ ನಡೆದು ಖಾಲಿ ಜಾಗದ ಮಧ್ಯೆ ನಿಂತು ಕೈ ಮುಗಿದಳು. ಚೀಲವನ್ನು ನೆಲದ ಮೇಲೆ ಹಾಸಿದಳು. ಅದರ ಮೇಲೆ ಹತ್ತಿ, ಪಾದ ಜೋಡಿಸಿ, ಎರಡೂ ಕೈ ಅಗಲಿಸಿ, ಗಲ್ಲ ಎತ್ತಿ ನಿಂತಳು. ನನ್ನ ಅಂಗೈಗಳ ಮೇಲೆ ಹೇಗೆ ನಿಲ್ಲುತ್ತಾಳೋ ಹಾಗೇ. ಮುಖದಲ್ಲಿ ಅದೇ ನಗು. ನಿಂತೇ ಇದ್ದಳು.

"ಶುರು ಮಾಡಮ್ಮ," ಎಂದರು ಅಧ್ಯಕ್ಷರು.

"ಶುರುವಾಗಿದೆ ಸರ್."

ಗಾಯಕಿ ಚಹಾದ ಕಪ್ಪು ಕೆಳಗಿಟ್ಟರು. ಲೆಕ್ಕದವರು ಗಡಿಯಾರ ನೋಡಿಕೊಂಡರು. ಕಡ್ಡಿ ರೆಪ್ಪೆ ಕೂಡ ಮಿಟುಕಿಸಲಿಲ್ಲ.

"ಇದೇನಮ್ಮ ಇದು?"

"ಒಬ್ಬಳದೇ ಪ್ರದರ್ಶನ ಸರ್. ಮೇಲೆ ನಾನು ಮಾಡೋದು ಇಷ್ಟೇ, ಅಲ್ಲಾಡದೆ ನಿಲ್ಲೋದು. ಹೋದ್ಸಲ ಗಾಳಿ ಹಾಗಿದೀಯ ಅಂದ್ರಲ್ಲ, ಈಗಲೂ ಹಾಗೇ ಇದೀನಿ. ನೆಲದ ಮೇಲಿದೀನಿ, ಅಷ್ಟೇ."

ಗಾಯಕಿ ಬಂದ ನಗುವನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಅಧ್ಯಕ್ಷರ ಗಡ್ಡ ಅಲುಗಿತು. "ನಿನ್ನ ಸಹಾಯಕಿ ಎಲ್ಲಿ?"

"ನನಗೆ ಸಹಾಯಕಿ ಯಾರೂ ಇಲ್ಲ ಸರ್."

ಬಾಗಿಲಲ್ಲಿದ್ದ ನನಗೆ ಸಿಟ್ಟು ನೆತ್ತಿಗೇರಿತು. ಅಧಿಕಾರಿ ನನ್ನ ಕಿವಿಯ ಹತ್ತಿರ, "ಏನಮ್ಮ ಇದು ನಿಮ್ಮ ತಂಗೀದು?" ಎಂದ. "ನನಗೇನ್ರೀ ಗೊತ್ತು!" ಎಂದು ಅವನ ಮೇಲೇ ಹಾರಿದೆ. ನನ್ನ ಒಂದು ವರ್ಷವನ್ನು ಈ ಹುಡುಗಿ ಕಣ್ಣೆದುರೇ ಮಣ್ಣುಪಾಲು ಮಾಡುತ್ತಿದ್ದಳು. ಜುಟ್ಟು ಹಿಡಿದು ಎಳೆದುಕೊಂಡು ಬರಬೇಕು ಅನ್ನಿಸಿತು.

ಅಷ್ಟರಲ್ಲಿ ಅವಳು ನಡೆದು ಮೇಜಿನ ಆ ಕೊನೆಗೆ ಹೋದಳು. ಕುರ್ಚಿಯ ಮೇಲೆ ಒಂದು ಕಾಲು, ಮೇಜಿನ ಮೇಲೆ ಇನ್ನೊಂದು ಕಾಲು. "ಒಂದು ನಿಮಿಷ ಸರ್," ಎಂದು ಲೆಕ್ಕದವರ ಚಹಾ ಕಪ್ಪನ್ನು ಕಾಲ್ಬೆರಳಿನಿಂದ ನಾಜೂಕಾಗಿ ಪಕ್ಕಕ್ಕೆ ಸರಿಸಿದಳು. ಬಾಗಿಲಿಗೆ ಮುಖ ಮಾಡಿ ನಿಂತಳು. ಹಿಮ್ಮಡಿಯಿಂದ ಮೇಜನ್ನು ಎರಡು ಸಲ ತಟ್ಟಿದಳು.

"ಬಾ," ಎಂದೆ.

ಅಂದಮೇಲೆ ಗೊತ್ತಾಯಿತು, ಅಂದೆ ಎಂದು. ಅವಳು ಆಗಲೇ ಓಡುತ್ತಿದ್ದಳು, ಮೇಜಿನ ಉದ್ದಕ್ಕೂ, ಚಹಾದ ಕಪ್ಪು, ನೀರಿನ ಲೋಟಗಳ ನಡುವೆ, ನನ್ನ ಕೈ ಇದೆಯೋ ಇಲ್ಲವೋ ನೋಡದೆ. ಸಿಟ್ಟು ಎಲ್ಲಿ ಹೋಯಿತೋ, ಅಧಿಕಾರಿ ಎಲ್ಲಿ ಹೋದನೋ. ನಾನು ಒಳಗೆ ನುಗ್ಗಿದೆ. ಮೇಜಿನ ಈ ಕೊನೆಯಿಂದ ಅವಳು ಹಾರಿದಳು, ನಾನು ಕಾಲೂರಿ ಕೈ ಎತ್ತಿದೆ. ಅವಳ ಸೊಂಟ ನನ್ನ ಎರಡು ಅಂಗೈಗಳಿಗೆ ಬಂತು. ಹಾಗೇ ತಲೆಯ ಮೇಲಕ್ಕೆತ್ತಿ ಹಿಡಿದೆ. ಅವಳು ಹಲಗೆಯ ಹಾಗೆ ಅಡ್ಡಕ್ಕೆ ನೆಟ್ಟಗೆ ಮೈಚಾಚಿ ಕೈ ಅಗಲಿಸಿದಳು. ಒಂದು ಬಿಸ್ಕತ್ತೂ ಕೆಳಗೆ ಬಿದ್ದಿರಲಿಲ್ಲ.

ಲೆಕ್ಕದವರು ಕುರ್ಚಿ ಸಮೇತ ಗೋಡೆಗೆ ಹತ್ತಿಕೊಂಡಿದ್ದರು.

"ಕೆಳಗಿಳಿಯಮ್ಮ!" ಎಂದರು ಅಧ್ಯಕ್ಷರು, ಮೇಲೆ ನೋಡುತ್ತ.

"ಅದು ನನ್ನ ಕೈಲಿಲ್ಲ ಸರ್," ಎಂದಳು ಕಡ್ಡಿ. "ಇಳಿಸೋದು ಕೆಳಗಿರೋಳು. ಅವಳನ್ನ ಕೇಳಿ."

ಮೂವರೂ ನನ್ನ ಕಡೆ ನೋಡಿದರು. ಎರಡು ಸುತ್ತಿನಲ್ಲಿ ಅವರು ನನ್ನ ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಕಪ್ಪು ಬಟ್ಟೆ ನನ್ನ ಮೇಲಿರಲಿಲ್ಲ. ಲಾಂಡ್ರಿಯ ಬಿಸಿಗೆ ಕೆಂಪಾದ ತೋಳು, ಬೆವರು, ಕಂಬದಂಥ ಕತ್ತು, ಎಲ್ಲ ಕಾಣುತ್ತಿತ್ತು. ಕಾಣಲಿ ಎಂದು ನಿಂತೆ.

"ನೀವು... ದಯವಿಟ್ಟು ಅವಳನ್ನ ಇಳಿಸಿ," ಎಂದರು ಅಧ್ಯಕ್ಷರು.

"ನನ್ನ ಹೆಸರೂ ಬರ್ಕೊಳ್ಳಿ ಸರ್. ಇಳಿಸ್ತೀನಿ."

"ಸಹಾಯಕಿ ಅಂತ ಇದೆಯಲ್ಲ..."

"ಸಹಾಯಕಿ ಅಲ್ಲ. ಕಲಾವಿದೆ ಅಂತ."

ಲೆಕ್ಕದವರಿಗೆ ಈಗ ಮಾತು ಬಂತು. "ಆಗಲ್ಲಮ್ಮ. ಇದು ಒಬ್ಬರ ಅನುದಾನ. ಎರಡು ಹೆಸರು ಹೋದ್ರೆ ಮೇಲಿನ ಕಚೇರಿಯವರು ತಿರಸ್ಕಾರ ಮಾಡಿ ವಾಪಸ್ ಕಳಿಸಬಹುದು. ನಿಮಗೂ ಇಲ್ಲ, ಇವಳಿಗೂ ಇಲ್ಲ. ಯೋಚನೆ ಮಾಡಿ. ಇವಳಿಗೆ ಸಿಗೋದನ್ನ ನೀವೇ ತಪ್ಪಿಸಿದ ಹಾಗಾಗುತ್ತೆ."

ನನ್ನ ಹೆದರಿಕೆ ಇದೇ ಆಗಿತ್ತು, ಮೊದಲ ದಿನದಿಂದಲೂ. ಕತ್ತೆತ್ತಿ ನೋಡಿದೆ. ಕೆಳಗಿನಿಂದ ನನಗೆ ಕಾಣುವುದು ಅವಳ ಗಲ್ಲ ಮಾತ್ರ. ಮೈ ಒಂದಿಷ್ಟೂ ಅಲ್ಲಾಡಲಿಲ್ಲ. ಯಾವ ಕಡೆ ವಾಲಿದರೂ ವಾಲಲಿ ಎಂದು ಅವಳು ಪೂರ್ತಿ ನನಗೇ ಬಿಟ್ಟಿದ್ದಳು.

"ಕಳಿಸ್ಲಿ ಸರ್," ಎಂದೆ. ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. "ತಿರಸ್ಕಾರ ಮಾಡೋದಾದ್ರೆ ನನ್ನನ್ನೂ ಕಲಾವಿದೆ ಅಂತಾನೇ ತಿರಸ್ಕಾರ ಮಾಡ್ಲಿ. ಬಟ್ಟೆ ಹೊದ್ಕೊಂಡು ಸಹಾಯಕಿ ಅಂತ ಪಾಸಾಗೋದು ನನಗೆ ಬೇಡ. ಲಾಂಡ್ರಿಗೆ ವಾಪಸ್ ಹೋಗ್ತೀನಿ, ಶೀಟು ಎತ್ತುತೀನಿ, ಸಂಜೆ ಇವಳನ್ನ ಎತ್ತುತೀನಿ. ನನಗೆ ಮೂವತ್ತಾದ್ರೂ ಎತ್ತುತೀನಿ, ಐವತ್ತಾದ್ರೂ ಎತ್ತುತೀನಿ. ನೀವು ಬರೀರಿ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಹೀಗೇ ನಿಂತಿರ್ತೀನಿ. ಹೊರಗಡೆ ಇನ್ನೂ ಬಹಳ ಜನ ಉದಯೋನ್ಮುಖರು ಕಾಯ್ತಿದಾರೆ."

ಗಾಯಕಿ ಜೋರಾಗಿಯೇ ನಕ್ಕರು, ಈ ಸಲ ಕೆಮ್ಮಲಿಲ್ಲ. ತಮ್ಮ ಪೆನ್ನಿನ ಮುಚ್ಚಳ ತೆಗೆದು ಅಧ್ಯಕ್ಷರ ಮುಂದೆ ಸರಿಸಿದರು. "ಬರೀರಿ. ಅವರ ಕೈ ನೋಯುತ್ತೆ," ಎಂದರು.

ಅಧ್ಯಕ್ಷರು ಪೆನ್ನು ತೆಗೆದುಕೊಂಡು ಆಯ್ಕೆಯ ಪಟ್ಟಿಯನ್ನು ಹತ್ತಿರ ಎಳೆದುಕೊಂಡರು. ನನ್ನ ತೋಳು ನಡುಗಲು ಶುರುವಾಗಿತ್ತು. ಆಮೇಲೆ ಅವರು ಆವರಣದೊಳಗಿದ್ದದ್ದನ್ನು ಹೊಡೆದುಹಾಕಿ, "ಹೇಳಿ," ಎಂದರು. ನಾನು ಹೆಸರು ಹೇಳಿದೆ, ತಪ್ಪಾಗಬಾರದೆಂದು ಬಿಡಿಸಿ ಬಿಡಿಸಿ ಹೇಳಿದೆ. ಅವರು ಬರೆದರು.

"ಜೋರಾಗಿ ಓದಿ ಸರ್."

ಅವರು ಓದಿದರು. ಮೊದಲು ಅವಳ ಹೆಸರು, ಕಲಾವಿದೆ. ಆಮೇಲೆ ನನ್ನ ಹೆಸರು, ಕಲಾವಿದೆ. ಬಾಗಿಲಲ್ಲಿ ನಿಂತಿದ್ದ ಅಧಿಕಾರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಓದಿದರು. ಆಗ ನಾನು ನನ್ನ ತಂಗಿಯನ್ನು ಇಳಿಸಿದೆ.